ಹನ್ನೆರಡರೊಳಗಿನ ಊಟ

ಎರಡು ವರ್ಷದ ಹಿಂದೆ ನಾನು ಕಲಬುರಗಿ–ಅಫಜಲಪುರ ರಸ್ತೆಯಲ್ಲಿ ಸ್ವಂತ ಕ್ರೂಸರ್ ಜೀಪು ಬಾಡಿಗೆಗೆ ಓಡಿಸುತ್ತಿದ್ದೆ. ಏಳನೇ ತರಗತಿಗೆ ಶಾಲೆ ಬಿಟ್ಟವನು, ದುಡಿದೇ ಗಾಡಿ ತಂದವನು. ಮಗಳು ಕರುಣಾ ಕಲಬುರಗಿಯಲ್ಲಿ ಬಿ.ಎ. ಓದುತ್ತಿದ್ದಳು. ಮುಖ್ಯ ವಿಷಯದ ಜೊತೆ ಓದುವ ಇನ್ನೊಂದಕ್ಕೆ ಮೈನರ್ ಎನ್ನುತ್ತಾರೆ. ಅದಕ್ಕೆ ಅವಳು ಅಂತರರಾಷ್ಟ್ರೀಯ ವ್ಯವಹಾರ ಮತ್ತು ವಿಶ್ವ ಸಂಸ್ಕೃತಿ ಆರಿಸಿದ್ದಳು. ಬದಲಿಸಲು ಸೋಮವಾರ ಕಡೆಯ ದಿನ.

‘ಕಂಪ್ಯೂಟರ್ ತಗೋ ಬೇ. ಹೊರದೇಶದವರು ಹೆಂಗ ಬದುಕ್ತಾರಂತ ತಿಳ್ಕೊಂಡು ನಮ್ಮೂರು ಸೊನ್ನದಾಗ ಏನ್ ಮಾಡ್ತಿ?’ ಎಂದು ನಾನು ಪಟ್ಟು ಹಿಡಿದಿದ್ದೆ.

ಆ ಶನಿವಾರ ಸೊನ್ನದ ನಮ್ಮ ಬೌದ್ಧ ಮನೆಗಳವರು ಥೈಲ್ಯಾಂಡಿನ ವಯಸ್ಸಾದ ಭಂತೇಜಿಯನ್ನು, ಅಂದರೆ ಭಿಕ್ಷುವನ್ನು, ಎರಡು ದಿನಕ್ಕೆ ಕರೆಸಿದ್ದರು. ಕಲಬುರಗಿಯಿಂದ ನಾನೇ ಕರೆತರುತ್ತಿದ್ದೆ. ಇಂಗ್ಲಿಷ್ ಮಾತಿಗೆ ಕರುಣಾ ಜೊತೆಗಿದ್ದಳು. ಊರಲ್ಲಿ ಮೊದಲು ಹಲಗಿ ಬಡಿದು ಮೆರವಣಿಗೆ, ಆಮೇಲೆ ಊಟ. ಮಾನ ಮೊದಲು, ತುತ್ತು ಆಮೇಲೆ ಎನ್ನುವುದು ನಮ್ಮ ರೂಢಿ.

ಚೌಡಾಪುರದ ಹತ್ತಿರ ಹನ್ನೊಂದೂವರೆ ಆಯಿತು. ಸೊನ್ನ ಇನ್ನೂ ಒಂದು ತಾಸಿನ ದಾರಿ.

‘ಅಪ್ಪಾ, ಗಾಡಿ ನಿಲ್ಸು. ಹನ್ನೆರಡು ದಾಟಿದ್ರ ಇವರು ನಾಳೆ ಮುಂಜಾನಿ ತನಕ ಉಣ್ಣಂಗಿಲ್ಲ. ತಾವಾಗಿ ಕೇಳಂಗೂ ಇಲ್ಲ.’

‘ಯಾರ್ ಹೇಳಿದ್ರು?’

‘ನೀ ಬ್ಯಾಡ ಅಂದ ಕ್ಲಾಸಿನ್ಯಾಗ.’

ಪಂಚಶೀಲ ನಮಗೆಲ್ಲ ಬಾಯಿಪಾಠ. ಭಂತೇಜಿಯ ಊಟದ ಹೊತ್ತು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಊರಲ್ಲಿ ಅಡುಗೆ ಹೊತ್ತಿದ್ದ ನನ್ನಕ್ಕ ಶಾಂತಾಬಾಯಿಗೆ ಫೋನ್ ಹಚ್ಚಿ ಹೇಳಿದೆ. ಅವಳು ಸಿಡಿದಳು: ‘ಮುಂಜಾನಿಂದ ಒಲಿ ಮುಂದ ಬೆಂದೀವಿ! ದಾರಿಯಾಗ ಉಣ್ಸಿ ತರ್ತೀ ಏನ್ ಲೇ? ನಿನ್ನ ಮಗಳು ನಮಗೇ ಧರ್ಮ ಕಲ್ಸ್ತಾಳೇನು?’

ಕನ್ನಡಿಯಲ್ಲಿ ನೋಡಿದೆ. ಭಂತೇಜಿ ಕಣ್ಣು ಮುಚ್ಚಿ ಕೂತಿದ್ದರು. ಬೇವಿನ ನೆರಳಿಗೆ ಗಾಡಿ ನಿಲ್ಲಿಸಿ, ಹೆಂಡತಿ ನನಗೆ ಕಟ್ಟಿಕೊಟ್ಟಿದ್ದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ ಬಿಚ್ಚಿ ಅವರ ಪಕ್ಕಕ್ಕಿಟ್ಟೆ. ಅವರು ಮುಟ್ಟಲಿಲ್ಲ.

ಕರುಣಾ ಮೆಲ್ಲಗೆ ಹೇಳಿದಳು: ‘ಇಟ್ಟದ್ದು ತಗೊಳ್ಳಂಗಿಲ್ಲಪ್ಪ. ಕೈಯಾರೆ ಕೊಡು.’

ಎರಡೂ ಕೈಯಲ್ಲಿ ಎತ್ತಿ ಕೊಟ್ಟೆ. ತೆಗೆದುಕೊಂಡು, ಹನ್ನೆರಡರೊಳಗೆ ಉಂಡು ಮುಗಿಸಿದರು.

ಸೊನ್ನದಲ್ಲಿ ಹಲಗಿ ಜೋರಾಗಿತ್ತು, ಅಕ್ಕನ ಮುಖ ಗಂಟಾಗಿತ್ತು. ಕರುಣಾ ಅವಳನ್ನು ಪಕ್ಕಕ್ಕೆ ಕೂಡಿಸಿಕೊಂಡು ಬಹಳ ಹೊತ್ತು ಮಾತಾಡಿದಳು. ಕೊನೆಗೆ ಅಕ್ಕ ಕೇಳಿದ್ದು ಒಂದೇ: ‘ಹಂಗಾದ್ರ ನಾಳೆ ಎಷ್ಟಕ್ಕ ಒಲಿ ಹಚ್ಚಲಿ ಬೇ?’

ಸೋಮವಾರ ವಿಷಯ ಬದಲಾಗಲಿಲ್ಲ. ಮಗಳು ಊರಿಗೆ ಬಂದಾಗೆಲ್ಲ ಈಗ ನಾನೇ ಕೆದಕುತ್ತೇನೆ, ಯಾವ ದೇಶ ಓದಿದಿ, ಅಲ್ಲಿ ಮನೆಗೆ ಬಂದವರಿಗೆ ಮೊದಲು ಏನು ಕೊಡುತ್ತಾರೆ ಎಂದು. ಡ್ರೈವರನಿಗೆ ರಸ್ತೆ ಗೊತ್ತಿದ್ದರೆ ಸಾಲದು, ಹಿಂದೆ ಕೂತವರ ಹಸಿವಿನ ಹೊತ್ತೂ ಗೊತ್ತಿರಬೇಕು.