ಸಂಸದ ಭಾವನಿಗೆ ಹಲ್ಲು ಕೊಟ್ಟ ಸೈಲೋಸಿ

ಸೈಲೋಸಿ ಮೆಟ್ಟಿಲು ಹತ್ತುವುದು ಕಂಡರೆ ಸಾಕು, ನಮ್ಮ ದ್ವೀಪದ ಹೆಂಗಸರು ಅನ್ನುತ್ತಿದ್ದರು: "ಬಂದ ನೋಡ್ರೇ, ಒಲೆ ಆರಿಸಿ. ಇವನ ಮಾತು ಮುಗಿಯೋ ಹೊತ್ತಿಗೆ ಮರಗೆಣಸು ಇದ್ದಿಲಾಗಿರುತ್ತೆ."

ಮೂವತ್ತು ವರ್ಷ ಊರಿನ ಡೀಸೆಲ್ ಜನರೇಟರ್ ನಡೆಸಿ ಅವನ ಕಿವಿ ಅರ್ಧ ಹೋಗಿತ್ತು. ಗುಟ್ಟನ್ನೂ ಕೂಗಿಯೇ ಹೇಳುತ್ತಿದ್ದ. ಆ ವರ್ಷ ಅವನ ತಲೆಗೆ ಹೊಕ್ಕಿದ್ದು ಒಂದೇ: ಡೀಸೆಲ್ ಬಿಟ್ಟು ಬಿಸಿಲಿನ ವಿದ್ಯುತ್ತಿಗೆ ದೇಶವೇ ಹೊರಳುವ ಯೋಜನೆ ರಾಜಧಾನಿ ಸುವಾದ ಸಂಸತ್ತಿನಲ್ಲಿ ಗೆಲ್ಲಬೇಕು. ತನ್ನ ಕೆಲಸಕ್ಕೆ ತಾನೇ ಗುಂಡಿ ತೋಡುವವನನ್ನು ನಾವು ಅದುವರೆಗೆ ಕಂಡಿರಲಿಲ್ಲ. ಮನವಿಗೆ ನಲವತ್ತು ಮನೆಗಳ ಸಹಿ ಹಾಕಿಸಿದ. ಪಾದ್ರಿ ಹಿಂದೆಮುಂದೆ ನೋಡಿದಾಗ, "ದೇವರು ಮೊದಲನೇ ದಿನ ಬೆಳಕು ಮಾಡಿದ್ದು ಡೀಸೆಲ್ ಸುರಿದೇನಾ ಸ್ವಾಮಿ?" ಎಂದ. ಪಾದ್ರಿಯೂ ಸಹಿ ಹಾಕಿದ.

ಒಪ್ಪದೆ ಉಳಿದವನು ಸಂಸದ ಎಮೋರಿ ಒಬ್ಬನೇ, ಸೈಲೋಸಿಯ ಸೋದರಮಾವನ ಮಗ. ಎರಡೂ ಕಡೆಯವರಿಗೆ ತಲೆಯಾಡಿಸಿ ಕುತ್ತಿಗೆ ನೋವು ಬರಿಸಿಕೊಂಡಿದ್ದವನು.

ಅವನು ಊರಿಗೆ ಬಂದ ದಿನ ಸೈಲೋಸಿ ಪೆಟ್ಟಿಗೆಯಿಂದ ತಿಮಿಂಗಿಲದ ಹಲ್ಲು ತೆಗೆದ. ಆ ಹಲ್ಲು ಹಿಡಿದು ಏನು ಕೇಳಿದರೂ, ಅದನ್ನು ಕೈಗೆ ತೆಗೆದುಕೊಂಡವನು ಮಾಡಿಯೇ ತೀರಬೇಕು ಅನ್ನುವುದು ನಮ್ಮ ಕಟ್ಟಳೆ. ಹೆಂಡತಿ ತಿತಿಲಿಯಾ ಹೌಹಾರಿದಳು.

"ನೀನು ಸತ್ತಾಗ ಜೊತೆಗಿಡೋಕೆ ಅಂತ ಎತ್ತಿಟ್ಟಿದ್ದು ಅದು!"

"ಸತ್ತೋನಿಗೆ ಅಗಿಯೋದೇನಿರುತ್ತೆ, ಬಿಡೇ."

ಸಭೆಯಲ್ಲಿ ಎಮೋರಿಯ ಏಳು ತಲೆಮಾರನ್ನು ಹೊಗಳಿ, ಕೊನೆಗೆ ಯೋಜನೆಗೆ ಮತ ಕೇಳಿದ. ಎಮೋರಿಗೆ ಊರೂರಲ್ಲಿ ಸ್ವಾಗತದ ಹಲ್ಲು ತೆಗೆದುಕೊಂಡು ರೂಢಿ. ಇದೂ ಅಂಥದ್ದೇ ಎಂದುಕೊಂಡು, ಯಂಗೋನ ಬೇರಿನ ಮತ್ತಿನ ಪಾನಕ ಕುಡಿದ ಜೋಂಪಿನಲ್ಲೇ ಎರಡೂ ಕೈ ಚಾಚಿದ. ಸಭೆ ಚಪ್ಪಾಳೆ ತಟ್ಟಿತು.

"ಏನು ಕೇಳಿದ ಇವನು?" ಎಂದು ಪಕ್ಕದವರನ್ನು ಕೇಳಿದ, ಕಣ್ಣು ಬಿಟ್ಟು.

"ನಿನ್ನ ಮತ, ಭಾವ," ಎಂದ ಸೈಲೋಸಿ. "ಬೇಡಾಂದ್ರೆ ವಾಪಸ್ ಕೊಡು. ಊರೆಲ್ಲ ನೋಡ್ತಿದೆ."

ಕೊಡಲಿಲ್ಲ. ಆದರೆ ಮತದ ವಾರ ಸುವಾದಿಂದ ಸುದ್ದಿ ಬಂತು: ಎಮೋರಿಗೆ ಜ್ವರವಂತೆ, ಸಂಸತ್ತಿಗೆ ಹೋಗುವುದು ಅನುಮಾನವಂತೆ. ಊರು ನಕ್ಕಿತು. ಸೈಲೋಸಿ ನಗಲಿಲ್ಲ, ಚೀಲ ತುಂಬಿಸಿದ.

"ನಿನ್ನ ಎದೆ ದೋಣಿ ತಡೆಯಲ್ಲ ಅಂದಿದ್ದಾಳೆ ನರ್ಸು," ಎಂದಳು ತಿತಿಲಿಯಾ.

"ಭಾವನ ಗೇಟಿನ ಮುಂದೆ ನಿಂತು ಒಂದ್ಸಲ ಕೂಗಿದ್ರೆ ಸಾಕು, ಜ್ವರ ಇಳಿಯುತ್ತೆ."

ಇಳಿಯಿತು ಕೂಡ. ಎಮೋರಿ ಹೋಗಿ ಮತ ಹಾಕಿದ. ಯೋಜನೆ ಎರಡೇ ಮತದ ಅಂತರದಲ್ಲಿ ಗೆದ್ದಿತು. ಮೂರನೇ ದಿನ ಸುವಾದಲ್ಲೇ ಸೈಲೋಸಿಯ ಎದೆಬಡಿತ ನಿಂತಿತು.

ಅದೆಲ್ಲ ಆಮೇಲಿನ ಮಾತು. ಸುವಾಕ್ಕೆ ಹೊರಟ ಆ ಬೆಳಗ್ಗೆ ಅವನು ಇಸ್ತ್ರಿ ಮಾಡಿದ ಸುಲು ಪಂಚೆ ಸುತ್ತಿಕೊಂಡು, ತಿತಿಲಿಯಾ ಬೈಯುತ್ತಲೇ ಕಟ್ಟಿಕೊಟ್ಟ ಕೆಸುವಿನ ಗಡ್ಡೆಯ ಗಂಟನ್ನು ಕಂಕುಳಿಗೆ ಸೇರಿಸಿ, ದೋಣಿ ತಪ್ಪೀತೆಂದು ಬಾಗಿಲನ್ನೂ ಎಳೆದುಕೊಳ್ಳದೆ ಮೆಟ್ಟಿಲಿಳಿದ.