ನಾರ್ವೆಗೆ ಊಟ ಆಯ್ತಾ
ನಾನು ಶಿವಮೊಗ್ಗದ ಆಲ್ಕೊಳದಲ್ಲಿ ಬಾಡಿಗೆ ರೂಮಿನೊಳಗೆ ಕೂತು ನಾರ್ವೆಯ ಗುಡ್ಡ ಕಾಯುತ್ತೇನೆ. ಚಳಿಗಾಲ ಬೆಚ್ಚಗಾಗಿ ಅಲ್ಲೀಗ ಹಿಮ ಜಾರುತ್ತದೆ. ಗುಡ್ಡದ ಮೇಲಿಟ್ಟ ಕ್ಯಾಮೆರಾದ ಚಿತ್ರ ನೋಡಿ, ಹಿಮ ಬಿರುಕು ಬಿಟ್ಟಲ್ಲಿ ಗುರುತು ಹಾಕಿ, ಅಲ್ಲಿನ ಸಂಶೋಧಕರಿಗೆ ಕಳಿಸುವುದು ನನ್ನ ಕೆಲಸ. ಒಮ್ಮೆ ಭದ್ರಾವತಿ ಬಸ್ಸಿನಲ್ಲಿ ಪಕ್ಕ ಕೂತಿದ್ದ ಹೆಂಗಸಿಗೆ ಇದನ್ನೆಲ್ಲ ಹೇಳಿದೆ.

"ಕಳಿಸಿದ್ಮೇಲೆ ಅವ್ರೇನಂತಾರೆ?" ಎಂದರು.

"ಏನೂ ಅನ್ನಲ್ಲ. ಬಂತು ಅಂತ ಕಂಪ್ಯೂಟರೇ ಉತ್ತರ ಕೊಡುತ್ತೆ."

"ಊಟ ಆಯ್ತಾ ಅಂತಾನೂ ಕೇಳಲ್ವಾ?"

"ಇಲ್ಲ."

"ನೀವಾದ್ರೂ ಕೇಳಿ ಮಾರಾಯ್ರೆ" ಎಂದು ಮಲವಗೊಪ್ಪದಲ್ಲಿ ಇಳಿದು ಹೋದರು.

ನನ್ನನ್ನು ಯಾರಾದರೂ ಹಾಗೆ ಕೇಳಿ ಎಷ್ಟು ದಿನವಾಗಿತ್ತೋ. ಮರುದಿನ ಚಿತ್ರದ ಕೆಳಗೆ ಇಂಗ್ಲಿಷಿನಲ್ಲಿ, ಊಟ ಆಯ್ತಾ ಎಂದು ಬರೆದು ಕಳಿಸಿದೆ. ಮೊದಲ ಸಲ ಅಲ್ಲಿಂದ ಮನುಷ್ಯರೊಬ್ಬರು ಉತ್ತರಿಸಿದರು: "ಇದು ಯಾವ ಬಗೆಯ ಅಪಾಯದ ಸೂಚನೆ?"

ಊಟ ಆಗಿತ್ತೋ ಇಲ್ಲವೋ, ಅದನ್ನು ಮಾತ್ರ ಹೇಳಲಿಲ್ಲ.