ಹದಿನಾಲ್ಕಲ್ಲ, ಹದಿಮೂರು

ಬೆಳಿಗ್ಗೆ ಆರೂವರೆ. ಅಕ್ರಾನ್ ಊರಿನ ತಮ್ಮ ಅಡುಗೆಮನೆಯಲ್ಲಿ ವಿಲ್ಮಾ ಹ್ರುಬಿ ಪೂರ್ವದ ಕಿಟಕಿಗೆ ಮೇಜು ಎಳೆದುಕೊಂಡು ಕೂತಿದ್ದಾರೆ. ಮುಂದೆ 1942ರ ಕಾಮಿಕ್ಸ್, ‘ಟೆಲಿಗ್ರಾಫ್ ಟೆಸ್ಸಿ’ಯ ಮೊದಲ ಸಂಚಿಕೆ. ಇವರ ಬಗ್ಗೆ ಬರೆಯಲೆಂದು ಬಂದು, ಕಾಫಿ ಹಿಡಿದು ಹತ್ತಿರ ಹೋದ ನನಗೆ ಗದರಿಕೆ: “ಲೋಟ ಆ ಕಡೆ ಇಟ್ಟು ಬಾರಪ್ಪ. ಮುಟ್ಟಂಗಿಲ್ಲ, ನೋಡು ಅಷ್ಟೇ. ಇರೋದೇ ಹದಿನಾಲ್ಕು.”

ಈ ಸಂಚಿಕೆಯ ಪ್ರತಿಗಳು ಎಷ್ಟು ಉಳಿದಿವೆ ಎಂದು ಯಾರು ಕೇಳಿದರೂ ವಿಲ್ಮಾ ಕೊಡುವ ಉತ್ತರ ಅದೇ. ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸಿ ನಿವೃತ್ತರಾದ, ಎಪ್ಪತ್ತೊಂದರ ಈ ಹೆಂಗಸು ಮೂವತ್ತೊಂದು ವರ್ಷಗಳಿಂದ ಹಳೆಯ ಕಾಮಿಕ್ಸ್‌ಗಳ ಜನಗಣತಿ ಮಾಡುತ್ತಿದ್ದಾರೆ. ಸಂಬಳವಿಲ್ಲ. ಬೆಲೆಪಟ್ಟಿ ಅಚ್ಚು ಹಾಕುವವರು ಇವರ ಅಂಕಿ ಎತ್ತಿಕೊಳ್ಳುತ್ತಾರೆ, ಹೆಸರು ಹಾಕುವುದಿಲ್ಲ. ನನಗೆ ಮೈಯೆಲ್ಲ ಉರಿಯುತ್ತದೆ, ಇವರಿಗೆ ನಗು ಬರುತ್ತದೆ.

ಶೂ ಡಬ್ಬಿಗಳಲ್ಲಿ ಆರು ಸಾವಿರದ ನಾನೂರು ಕಾರ್ಡುಗಳಿವೆ, ಕಂಡ ಒಂದೊಂದು ಪ್ರತಿಗೂ ಒಂದು. ಹರಿದ ಮೂಲೆ, ಪಿನ್ನಿನ ತುಕ್ಕು, ಅಂಗಡಿಯವನು ಹಾಕಿದ ತಾರೀಕು, ಎಲ್ಲವೂ ಅದರಲ್ಲಿ ದಾಖಲು. ಒಂದೇ ಪ್ರತಿಯನ್ನು ಎರಡು ಸಲ ಎಣಿಸಿದರೆ ಲೆಕ್ಕ ಕೆಟ್ಟಂತೆ. ಕಾಣದೆ ಉಳಿದವನ್ನು ಅಂದಾಜು ಮಾಡುವುದು ಹೇಗೆ? “ಈ ವರ್ಷ ಕಂಡ ಹತ್ತರಲ್ಲಿ ಒಂಬತ್ತು ನನ್ನ ಹಳೇ ಪರಿಚಯದವೇ ಆದ್ರೆ, ಹೊರಗೆ ಉಳಿದಿರೋದು ಬಹಳ ಕಮ್ಮಿ ಅಂತ. ಹತ್ತೂ ಹೊಸಾವಾದ್ರೆ, ಅಯ್ಯೋ, ಇನ್ನೂ ರಾಶಿ ಇದೆ!”

ಹನ್ನೆರಡು ವರ್ಷಗಳಿಂದ ಇವರಿಗೆ ತಪ್ಪದೆ ಫೋನು ಮಾಡುವವರು ಆರ್ವಿಲ್ ಟ್ಯಾಗರ್ಟ್. ಈಗ ಎಂಬತ್ತೆಂಟು. ಯುದ್ಧದ ಕಾಲದಲ್ಲಿ ಶಾಲೆಯವರು ಸೇನೆಗೆಂದು ರದ್ದಿ ಕಾಗದ ಕೇಳಿದಾಗ, ಆರು ವರ್ಷದ ಆರ್ವಿಲ್ ತನ್ನ ಆಟದ ಗಾಡಿಯಲ್ಲಿ ಅಣ್ಣ ಡೀನ್‌ನ ಕಾಮಿಕ್ಸ್‌ಗಳನ್ನೂ ಹೇರಿಕೊಂಡು ಹೋಗಿ ಕೊಟ್ಟುಬಿಟ್ಟ. ಅಣ್ಣ ಹೊಡೆಯಲಿಲ್ಲ, ಎರಡು ದಿನ ಮಾತು ಬಿಟ್ಟ. ಮುಂದೆ ಕೊರಿಯಾ ಯುದ್ಧಕ್ಕೆ ಹೋದವನು ತಿರುಗಿ ಬರಲಿಲ್ಲ. ಅಣ್ಣ ಹೆಸರು ಬರೆದಿಟ್ಟಿದ್ದ ಟೆಸ್ಸಿ ಎಲ್ಲಾದರೂ ಬದುಕಿದೆಯೇ? ಆರ್ವಿಲ್ ಕೇಳುವುದು ಅದೊಂದೇ. “ಹೆಸರಿರೋ ಪ್ರತಿ ಯಾವುದೂ ಇಲ್ಲ” ಎಂದೇ ವಿಲ್ಮಾ ಹೇಳುತ್ತ ಬಂದಿದ್ದಾರೆ.

ಈ ವಸಂತದಲ್ಲಿ ಕಾರ್ಡು ತಿರುವುವಾಗ ಇವರಿಗೆ ಅನುಮಾನ ಬಂದಿದೆ. ಟೆಸ್ಸಿಯ ಒಂಬತ್ತನೆಯ ಪ್ರತಿ ಹಳೆಯ ಮಾರಾಟದ ಪಟ್ಟಿಯಲ್ಲಿ ಕಂಡದ್ದು, “ಮುಖಪುಟದಲ್ಲಿ ಪೆನ್ಸಿಲ್ ಗೀಚು” ಎಂದಿದೆ. ಹನ್ನೆರಡನೆಯದನ್ನು ಇವರೇ ಕೈಯಲ್ಲಿ ಹಿಡಿದು ನೋಡಿದ್ದು, ಮುಖಪುಟ ಚೊಕ್ಕ. ಆದರೆ ಎರಡೂ ಕಾರ್ಡುಗಳಲ್ಲಿ ದಾಖಲಾದ ಪಿನ್ನಿನ ತುಕ್ಕು ಒಂದೇ ಆಕಾರ. ಹತ್ತಿರದ ಕ್ಯಾಂಟನ್ ಊರಿನ ಹಲ್ಲಿನ ಡಾಕ್ಟರೊಬ್ಬರಿಂದ ಹನ್ನೆರಡನೆಯದನ್ನು ಬೇಡಿ ತಂದಿದ್ದಾರೆ. ಮೇಜಿನ ಮೇಲಿರುವುದು ಅದೇ.

ಓರೆಯಾಗಿ ಬಿದ್ದ ಎಳೆಬಿಸಿಲಿಗೆ ಪುಸ್ತಕವನ್ನು ಮೆಲ್ಲಗೆ ಓರೆ ಮಾಡುತ್ತಾರೆ. ಪೆನ್ಸಿಲ್ ಗುರುತನ್ನು ಯಾರೋ ರಬ್ಬರಿನಿಂದ ಉಜ್ಜಿದ್ದಾರೆ. ಒತ್ತಿ ಬರೆದ ಗೆರೆಗಳ ತಗ್ಗು ಮಾತ್ರ ಹಾಗೇ ಉಳಿದಿದೆ. ವಿಲ್ಮಾ ಅಕ್ಷರ ಅಕ್ಷರವಾಗಿ ಓದುತ್ತಾರೆ, ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಾರೆ. “ಈ ಕೈಯಲ್ಲೇ ಹಿಡಿದಿದ್ದೆನಲ್ಲಪ್ಪ! ಹನ್ನೆರಡು ವರ್ಷ ಆ ಮನುಷ್ಯನಿಗೆ ಇಲ್ಲ ಇಲ್ಲ ಅಂದೆ. ನಾಚಿಕೆ ಆಗತ್ತೆ.” ಮೊದಲು ಡಾಕ್ಟರಿಗೆ ಫೋನು ಮಾಡಿ ಏನೋ ಕೇಳಿಕೊಳ್ಳುತ್ತಾರೆ. ಆಮೇಲೆ ಆರ್ವಿಲ್‌ಗೆ, ಸ್ಪೀಕರ್ ಹಾಕಿ.

“ಏನಮ್ಮಾ ಲೆಕ್ಕದಮ್ಮಾ, ಇಷ್ಟು ಬೆಳಿಗ್ಗೆ? ನಾನು ಸತ್ತಿದೀನಾ ಅಂತ ನೋಡ್ತಿದೀಯಾ?”

“ಆರ್ವಿಲ್, ಮೊದಲು ಕೂತ್ಕೊಳ್ಳಿ. ನನ್ನ ಲೆಕ್ಕ ತಪ್ಪಾಗಿತ್ತು. ಹದಿನಾಲ್ಕಲ್ಲ, ಹದಿಮೂರು. ಅದರಲ್ಲಿ ಒಂದು ನಿಮ್ಮಣ್ಣಂದು. ಅವತ್ತು ರದ್ದಿ ರಾಶಿಯಿಂದ ಯಾರೋ ಎತ್ಕೊಂಡಿರಬೇಕು.”

ಆ ಕಡೆ ಕುರ್ಚಿ ಎಳೆದ ಸದ್ದು.

“ಏನು ಬರೆದಿದಾನೆ?”

“‘ಡೀನ್ ಟ್ಯಾಗರ್ಟ್‌ನ ಪುಸ್ತಕ. ಆರ್ವಿಲ್ ಮುಟ್ಟಬಾರದು.’”

ಮುದುಕರು ನಗುತ್ತಾರೋ ಅಳುತ್ತಾರೋ ಗೊತ್ತಾಗುವುದಿಲ್ಲ. “ಮುಟ್ಟಿಬಿಟ್ಟೆ ಕಣಮ್ಮ,” ಎನ್ನುತ್ತಾರೆ ಕೊನೆಗೆ.

ನನ್ನನ್ನು ಮುಟ್ಟಲೂ ಬಿಡದ ವಿಲ್ಮಾ, ಎರಡು ಕಾರ್ಡುಗಳನ್ನು ಒಂದಕ್ಕೊಂದು ಸೇರಿಸಿ ಪಿನ್ನು ಹಾಕುತ್ತ ಫೋನಿಗೆ ಹೇಳುತ್ತಾರೆ:

“ಶನಿವಾರ ಬನ್ನಿ. ಡಾಕ್ಟರು ಒಪ್ಪಿದಾರೆ. ಕೈ ತೊಳ್ಕೊಂಡು ಮುಟ್ಟಿ.”